ಕ್ರಯಪತ್ರದೊಳಗಿನ ವಿಜ್ಞಾನೇಶ್ವರ

ವೈಟ್‌ಫೀಲ್ಡ್ ಸುತ್ತಮುತ್ತಲಿನ ಹಳೆಯ ಜಮೀನುಗಳ ಕ್ರಯಪತ್ರಗಳಲ್ಲಿ ಮಾರುವವರ ಸಂಕಟವೂ ದಾಖಲಾಗಿರುವುದುಂಟು: ಗೃಹಕೃತ್ಯದ ಅಡಚಣೆ, ಕೈಸಾಲ, ಮಗಳ ಮದುವೆ. ದುಡ್ಡು ಕೊಟ್ಟು ಕೊಳ್ಳುವವನಿಗೆ ಇದೆಲ್ಲ ಯಾಕೆ ಬೇಕು? ಬೇಕೇ ಬೇಕು. ಪಿತ್ರಾರ್ಜಿತ ಜಮೀನನ್ನು ಮನೆಯ ಯಜಮಾನ ತನ್ನಿಷ್ಟದಂತೆ ಮಾರುವಂತಿಲ್ಲ. ಆಪತ್ತಿಗೆ, ಕುಟುಂಬದ ಪೋಷಣೆಗೆ, ಧರ್ಮಕಾರ್ಯಕ್ಕೆ ಮಾತ್ರ ಎಲ್ಲರ ಪರವಾಗಿ ಮಾರಬಹುದು. ಈ ಮೂರು ಕಾರಣಗಳನ್ನು ನ್ಯಾಯಾಲಯಗಳು ಪಡೆದದ್ದು ‘ಮಿತಾಕ್ಷರಾ’ದಿಂದ. ಅದು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಸಂಸ್ಕೃತ ವ್ಯಾಖ್ಯಾನ. 1955–56ರ ಹಿಂದೂ ಕಾಯ್ದೆಗಳೊಂದಿಗೆ ಧರ್ಮಶಾಸ್ತ್ರ ಗ್ರಂಥಾಲಯ ಸೇರಿತೆಂದು ನಂಬಿದವರು ಬೆಂಗಳೂರಿನ ಹೊರವಲಯದ ಒಂದು ಪಾಲಿನ ದಾವೆಯನ್ನು ಓದಿದರೆ ಸಾಕು.

ವಿಜ್ಞಾನೇಶ್ವರನ ಮುಖ್ಯ ವಾದ ಹುಟ್ಟಿನ ಹಕ್ಕಿನದು. ಪಿತೃಗಳ ಆಸ್ತಿಯಲ್ಲಿ ಮಗನಿಗೆ ಹುಟ್ಟುತ್ತಲೇ ಹಕ್ಕು. ಅಪ್ಪ ಸಾಯುವವರೆಗೆ ಕಾಯಬೇಕಿಲ್ಲ. ಬಂಗಾಳದ ಜೀಮೂತವಾಹನ ‘ದಾಯಭಾಗ’ದಲ್ಲಿ ಇದನ್ನು ಒಪ್ಪದೆ, ತಂದೆಯ ಸ್ವಾಮ್ಯ ಮುಗಿದ ಮೇಲಷ್ಟೇ ಮಗನ ಹಕ್ಕು ಎಂದ. ನನಗೆ ಕುತೂಹಲ ಹುಟ್ಟಿಸುವುದು ವಿಜ್ಞಾನೇಶ್ವರ ಇಲ್ಲಿಗೆ ತಲುಪಿದ ದಾರಿ. ಸ್ವಾಮ್ಯವೆಂಬುದು ಶಾಸ್ತ್ರ ಹೇಳಿ ಹುಟ್ಟುವುದಲ್ಲ, ಲೋಕವ್ಯವಹಾರದಿಂದ ಹುಟ್ಟುವುದು; ಶಾಸ್ತ್ರ ಕೇಳದವರೂ ಕೊಳ್ಳುತ್ತಾರೆ, ಮಾರುತ್ತಾರೆ ಎಂಬುದು ಅವನ ತರ್ಕ. ಒಬ್ಬ ಸಂನ್ಯಾಸಿಯ ಲೇಖನಿಯಿಂದ ಬಂದ ಮಾತೆಂದು ನೆನೆದರೆ ಅದರ ದಿಟ್ಟತನ ಗೊತ್ತಾಗುತ್ತದೆ. ಈ ಹುಟ್ಟಿನ ಹಕ್ಕು ಬೆಂಗಳೂರಿನ ಅಂಚಿನಲ್ಲಿ ಎದ್ದು ನಿಂತದ್ದು ಜಮೀನಿಗೆ ಬೆಲೆ ಬಂದಾಗ. 1978ರ ಹೊತ್ತಿಗೆ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಆರಂಭಿಸಿತು. ಮುಂದೆ ಎಕರೆಯ ಲೆಕ್ಕ ಚದರಡಿಗೆ ಇಳಿದಾಗ, ರಾಗಿ ಹೊಲದಲ್ಲಿ ಯಾರೂ ಕೇಳದಿದ್ದ ಪಾಲಿಗೂ ಬೆಲೆ ಬಂತು. ಬ್ಯಾಂಕಿನ ವಕೀಲರು ವಂಶವೃಕ್ಷ ತನ್ನಿ, ಅಪ್ರಾಪ್ತ ಮಕ್ಕಳಿದ್ದಾರೆಯೇ ಹೇಳಿ ಎಂದು ಪಟ್ಟು ಹಿಡಿಯುವುದು ಅದಕ್ಕೇ.

ಆದರೆ ಇಲ್ಲಿನ ರೈತರು ಸಂಸ್ಕೃತ ಓದಿ ಪಾಲು ಮಾಡಿಕೊಂಡರೇ ಎಂದು ಯಾರಾದರೂ ಕೇಳಬಹುದು. ಇಲ್ಲ. ಊರಿನಲ್ಲಿ ನಡೆದದ್ದು ಹಿರಿಯರ ಪಂಚಾಯಿತಿ, ಬಾಯಿಮಾತಿನ ಪಾಲು. ಒಂದು ವ್ಯಾಖ್ಯಾನಗ್ರಂಥ ಎಲ್ಲ ಜಾತಿಗೂ ಶಾಸನವಾದದ್ದು ಬ್ರಿಟಿಷ್ ನ್ಯಾಯಾಲಯಗಳಿಂದ. ಬ್ರಿಟಿಷ್ ಸಂಸ್ಕೃತ ವಿದ್ವಾಂಸ ಕೋಲ್‌ಬ್ರೂಕ್ 1810ರಲ್ಲಿ ‘ಮಿತಾಕ್ಷರಾ’ದ ದಾಯವಿಭಾಗದ ಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ನ್ಯಾಯಾಧೀಶರ ಮೇಜಿನ ಮೇಲೆ ಇದ್ದದ್ದು ಅದೇ. ಸ್ಪಷ್ಟವಾಗಿ ಸಾಬೀತಾದ ರೂಢಿ ಗ್ರಂಥಕ್ಕಿಂತ ಮೇಲು ಎಂದು ಲಂಡನ್ನಿನ ಪ್ರಿವಿ ಕೌನ್ಸಿಲ್ 1868ರಲ್ಲಿ ಹೇಳಿತು ನಿಜ, ಆದರೆ ರೂಢಿಯನ್ನು ಸಾಬೀತು ಮಾಡುವ ಹೊರೆ ಬಡವನ ಹೆಗಲಿಗೇ ಬಿತ್ತು. ಹಾಗಾಗಿ ಇಂದಿನ ‘ಮಿತಾಕ್ಷರಾ’ದಲ್ಲಿ ಕಲ್ಯಾಣ ಎಷ್ಟಿದೆಯೋ ಲಂಡನ್ನೂ ಅಷ್ಟಿದೆ. ಅದರ ಹಿಡಿತ ಮಾತ್ರ ಇದರಿಂದ ಸಡಿಲವಾಗಿಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪ ಹೆಣ್ಣುಮಕ್ಕಳದು. ಹುಟ್ಟಿನ ಹಕ್ಕು ಗಂಡಿಗಷ್ಟೇ ಇತ್ತು. ಸ್ತ್ರೀಧನಕ್ಕೆ ವಿಜ್ಞಾನೇಶ್ವರ ಕೊಟ್ಟ ವಿಶಾಲ ಅರ್ಥವನ್ನೂ ಪ್ರಿವಿ ಕೌನ್ಸಿಲ್ ಕಿರಿದು ಮಾಡಿತು. ಮೈಸೂರು ಸಂಸ್ಥಾನ 1933ರ ಕಾಯ್ದೆಯಲ್ಲಿ ಹೆಂಗಸರಿಗೆ ಕೆಲವು ಪಾಲುಗಳನ್ನು ಕೊಟ್ಟಿತು. ಆಮೇಲೆ ಎರಡು ದಾರಿಗಳು ಕಂಡವು. ಕೇರಳ 1975ರ ಕಾಯ್ದೆಯಿಂದ ಹುಟ್ಟಿನ ಹಕ್ಕನ್ನೇ ತೆಗೆದುಹಾಕಿತು. ಕರ್ನಾಟಕ ಆಂಧ್ರ, ತಮಿಳುನಾಡುಗಳ ಹಾದಿ ಹಿಡಿದು 30 ಜುಲೈ 1994ರಿಂದ ಆ ಹಕ್ಕನ್ನು ಮಗಳಿಗೂ ಕೊಟ್ಟಿತು, ಅದಕ್ಕೆ ಮುಂಚೆ ಮದುವೆಯಾದವಳನ್ನು ಬಿಟ್ಟು. ಆ ಕೊರತೆಯನ್ನು 2005ರ ಕೇಂದ್ರ ತಿದ್ದುಪಡಿ ತುಂಬಿತು; ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು, ಮಗಳಿಗೆ ಹಕ್ಕು ಸಿಗಲು ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕಿಲ್ಲ ಎಂದಿತು. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಅಕ್ಕತಂಗಿಯರಿಂದ ಹಕ್ಕು ಖುಲಾಸೆ ಪತ್ರ ಬರೆಸಿಕೊಳ್ಳುವ ಅವಸರ ಹೆಚ್ಚಿದ್ದೂ ಇದರಿಂದಲೇ. ದುಡ್ಡಿನಾಸೆಗೆ ಹೆಣ್ಣುಮಕ್ಕಳು ಕೋರ್ಟು ಹತ್ತುತ್ತಾರೆಂಬ ಗೊಣಗಾಟ ಪೀಣ್ಯದ ಕಡೆಯೂ ಕೇಳೀತು. ಅಣ್ಣತಮ್ಮಂದಿರು ಅದೇ ದುಡ್ಡಿಗೆ ಹತ್ತಿದಾಗ ಅದು ನ್ಯಾಯದ ಹೋರಾಟವಾಗುತ್ತದೆ. ಶಾಸ್ತ್ರವನ್ನು ಅಳಿಸುವ ಬದಲು ಅದರ ತರ್ಕವನ್ನು ಪೂರ್ತಿ ಮಾಡಿದ ಕರ್ನಾಟಕದ ಆಯ್ಕೆಯೇ ನನಗೆ ಸರಿ ಕಾಣುತ್ತದೆ.

ಈ ಹುಟ್ಟಿನ ಹಕ್ಕು ಕರಗುತ್ತಿದೆ ಎನ್ನುವವರ ಬಳಿಯೂ ಆಧಾರವಿದೆ. ತಾತ ಸ್ವಂತ ದುಡಿಮೆಯಲ್ಲಿ ಕೊಂಡ ಜಮೀನು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ನಂತರ ಅವನು ಉಯಿಲು ಬರೆಯದೆ ತೀರಿಕೊಂಡು ಅಪ್ಪನಿಗೆ ಬಂದರೆ, ಅದು ಅಪ್ಪನ ಸ್ವಂತದ್ದೇ. ಚಂದರ್ ಸೇನ್ ಪ್ರಕರಣದಲ್ಲಿ 1986ರಲ್ಲಿ ಸುಪ್ರೀಂ ಕೋರ್ಟ್ ಹಿಡಿದ ನಿಲುವಿನ ಫಲ ಇದು. ಅಲ್ಲಿ ಮೊಮ್ಮಕ್ಕಳಿಗೆ ಹುಟ್ಟಿನ ಹಕ್ಕಿಲ್ಲ. ಹೀಗಾಗಿ ಪಾಲು ಕೇಳಿ ಬಂದವರಿಗೆ ವಕೀಲರು ಮೊದಲು ಕೇಳಬೇಕಾದ್ದು ಎರಡೇ: ಜಮೀನು ತಾತನಿಗೆ ಬಂದದ್ದು ಹೇಗೆ, ತಾತ ತೀರಿಕೊಂಡದ್ದು ಯಾವ ವರ್ಷ.