ಹೆಣೆದುಕೊಂಡ ದಾಖಲೆಗಳಲ್ಲಿ ಹುಡುಕುವ ಬಗೆ

ಸಗಟು ದಿನಸಿ ವ್ಯಾಪಾರಿಯೊಬ್ಬನ ಅಂಗಡಿಯನ್ನು ಕಲ್ಪಿಸಿಕೊಳ್ಳೋಣ. ಆತನಿಗೆ 10,000 ಗಿರಾಕಿಗಳು. ವರ್ಷಕ್ಕೆ 1,00,000 ಬಿಲ್ಲುಗಳು. ಗಿರಾಕಿಗಳ ಹೆಸರು, ಊರುಗಳು ಒಂದು ಪುಸ್ತಕದಲ್ಲಿವೆ. ಬಿಲ್ಲುಗಳ ಮೊತ್ತ, ಬಾಕಿಗಳು ಇನ್ನೊಂದರಲ್ಲಿ. 'ತುಮಕೂರಿನ ಯಾವ ಗಿರಾಕಿಗಳಿಂದ ಹಣ ಬರಬೇಕಾಗಿದೆ?' ಎಂದು ಯಜಮಾನನು ಕೇಳಿದರೆ ಗುಮಾಸ್ತನು ಯಾವ ಪುಸ್ತಕವನ್ನು ತೆರೆಯಬೇಕು? ಉತ್ತರವು ಒಂದೇ ಪುಸ್ತಕದಲ್ಲಿಲ್ಲ. ಅದು ಎರಡರ ನಡುವಣ ಸಂಬಂಧದಲ್ಲಿ ಅಡಗಿದೆ. ಲೆಕ್ಕಪತ್ರಗಳು ಗಣಕಯಂತ್ರವನ್ನು ಸೇರಿದ ಮೇಲೂ ಈ ಸಮಸ್ಯೆ ಹಾಗೆಯೇ ಉಳಿದಿದೆ.

ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಬರೆಯಬಾರದೇಕೆ? ಹಾಗೆ ಮಾಡಿದರೆ ಪ್ರತಿ ಬಿಲ್ಲಿನಲ್ಲಿಯೂ ಗಿರಾಕಿಯ ವಿಳಾಸವನ್ನು ಬರೆಯಬೇಕಾಗುತ್ತದೆ. ಆತನು ಮನೆ ಬದಲಾಯಿಸಿದರೆ ಎಲ್ಲ ಕಡೆಯೂ ತಿದ್ದಬೇಕು. ಒಂದನ್ನು ಮರೆತರೂ ದಾಖಲೆಗಳು ಒಂದಕ್ಕೊಂದು ವಿರೋಧವಾಗಿ ನುಡಿಯುತ್ತವೆ. ಆದುದರಿಂದ ಪ್ರತಿ ಗಿರಾಕಿಗೂ ಒಂದು ಸಂಖ್ಯೆಯನ್ನು ಕೊಟ್ಟು, ಬಿಲ್ಲಿನಲ್ಲಿ ಆ ಸಂಖ್ಯೆಯನ್ನು ಮಾತ್ರ ಬರೆಯುತ್ತಾರೆ. ಎರಡು ದಾಖಲೆಗಳನ್ನು ಬೆಸೆಯುವ ಕೊಂಡಿ ಈ ಸಂಖ್ಯೆಯೇ.

ಮೊದಮೊದಲು ಒಂದು ದಾಖಲೆಯಿಂದ ಇನ್ನೊಂದಕ್ಕೆ ಸಾಗುವ ದಾರಿಯನ್ನು ಕ್ರಮವಿಧಿ ಬರೆಯುವವನೇ ಹೆಜ್ಜೆಹೆಜ್ಜೆಯಾಗಿ ಸೂಚಿಸಬೇಕಾಗಿತ್ತು. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ವಿಜ್ಞಾನಿ ಗಣಿತದ ಗಣಸಿದ್ಧಾಂತವನ್ನು ಆಧರಿಸಿ ಹೊಸ ಮಾರ್ಗವೊಂದನ್ನು ತೋರಿದರು. ದಾಖಲೆಗಳೆಲ್ಲ ಕೋಷ್ಟಕಗಳಾಗಿರಲಿ, ಬೇಕಾದುದೇನೆಂಬುದನ್ನು ಮಾತ್ರ ನಾವು ಹೇಳೋಣ, ದಾರಿಯನ್ನು ಯಂತ್ರವೇ ಕಂಡುಕೊಳ್ಳಲಿ ಎಂಬುದೇ ಅದರ ಸಾರ.

ದಾರಿಯ ಆಯ್ಕೆ ಅಲ್ಪ ವಿಷಯವಲ್ಲ. ಪ್ರತಿ ಗಿರಾಕಿಯ ಸಂಖ್ಯೆಯನ್ನು ಪ್ರತಿ ಬಿಲ್ಲಿನೊಡನೆ ಹೋಲಿಸುತ್ತ ಹೋದರೆ 100 ಕೋಟಿ ಹೋಲಿಕೆಗಳು ಬೇಕು. ಮೊದಲು ತುಮಕೂರಿನವರನ್ನು ಆರಿಸಿಕೊಳ್ಳೋಣ. ಅವರು 200 ಮಂದಿ ಇದ್ದರೆ ಹೋಲಿಕೆಗಳು 2 ಕೋಟಿಗೆ ಇಳಿಯುತ್ತವೆ. ಬಿಲ್ಲುಗಳಿಗೆ ಗಿರಾಕಿ ಸಂಖ್ಯೆಯ ಕ್ರಮದಲ್ಲಿ ಒಂದು ಸೂಚಿಯೂ ಇದ್ದರೆ, ನಿಘಂಟನ್ನು ನಡುವೆ ತೆರೆದು ಬೇಡದ ಅರ್ಧವನ್ನು ಬಿಡುವಂತೆ, ಸುಮಾರು 17 ಹೆಜ್ಜೆಗಳಲ್ಲಿ ಒಬ್ಬನ ಬಿಲ್ಲುಗಳ ಬಳಿಗೆ ತಲಪಬಹುದು. 200 ಮಂದಿಗೆ ಸುಮಾರು 3,400 ಹೆಜ್ಜೆಗಳು ಸಾಕು!

ಬೇಯರ್ ಮತ್ತು ಮೆಕ್‌ಕ್ರೈಟ್ ಎಂಬವರು 1972ರಲ್ಲಿ ಪ್ರಕಟಿಸಿದ 'ಬಿ-ವೃಕ್ಷ'ವೆಂಬ ಸೂಚಿ ಇನ್ನೂ ಚುರುಕಾದುದು. ಅದರ ಪ್ರತಿ ಗೆಣ್ಣಿನಿಂದ 200 ಕವಲುಗಳೊಡೆದರೆ, ಮೂರೇ ಹಂತಗಳಲ್ಲಿ 80 ಲಕ್ಷ ಕವಲುಗಳಾಗುತ್ತವೆ. ಹಲವು ದಾರಿಗಳ ಶ್ರಮವನ್ನು ಮೊದಲೇ ಅಂದಾಜುಮಾಡಿ, ಅಗ್ಗವಾದುದನ್ನು ಯಂತ್ರವೇ ಆರಿಸುವ ವಿಧಾನವನ್ನು ಐಬಿಎಂ ಸಂಸ್ಥೆಯ ಪ್ಯಾಟ್ರೀಷಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ವಿವರಿಸಿದರು.

ಆದರೆ ಹುಡುಕಾಟವು ಶೀಘ್ರವಾದ ಮಾತ್ರಕ್ಕೆ ಉತ್ತರವು ಸರಿಯಾಗಿರುವುದೆ? 'ಬಾಕಿ ಇಲ್ಲದ ಗಿರಾಕಿಗಳು ಯಾರು?' ಎಂದು ಕೇಳಿ ನೋಡೋಣ. ರಾಮಣ್ಣನಿಗೆ ಎರಡು ಬಿಲ್ಲುಗಳಿವೆ. ಒಂದು ತೀರಿದೆ, ಇನ್ನೊಂದು ತೀರಿಲ್ಲ. ಯಂತ್ರವು ಬಾಕಿ ಇಲ್ಲದ ಬಿಲ್ಲುಗಳನ್ನು ಹುಡುಕಿದರೆ, ತೀರಿದ ಬಿಲ್ಲಿನ ಬಲದಿಂದ ರಾಮಣ್ಣನೂ ಪಟ್ಟಿಯೊಳಗೆ ಬರುತ್ತಾನೆ. ಒಂದು ಬಿಲ್ಲನ್ನೂ ಮಾಡದ ಹೊಸ ಗಿರಾಕಿಯಾದರೋ ಬಾಕಿ ಇಲ್ಲದವನಾಗಿದ್ದೂ ಹೊರಗುಳಿಯುತ್ತಾನೆ. ಪಟ್ಟಿಯನ್ನು ನಂಬಿ ಸಾಲ ಕೊಡುವ ಯಜಮಾನನಿಗೆ ಇದರಿಂದ ನಷ್ಟವೇ ಸರಿ. ಮೊದಲು ಬಾಕಿದಾರರನ್ನು ಕಂಡುಹಿಡಿದು, ಬಳಿಕ ಅವರನ್ನು ಗಿರಾಕಿಗಳ ಪೂರ್ಣ ಪಟ್ಟಿಯಿಂದ ಕಳೆಯುವುದೇ ಸರಿಯಾದ ಕ್ರಮ.

ಆದಕಾರಣ, ಹುಡುಕುವವನಿಗೆ 'ಒಂದಾದರೂ', 'ಎಲ್ಲವೂ', 'ಒಂದೂ ಇಲ್ಲ' ಎಂಬ ಮೂರು ಆಯ್ಕೆಗಳನ್ನು ಬೇರೆಬೇರೆಯಾಗಿ ಒದಗಿಸುವ ತಂತ್ರಾಂಶವೇ ಉತ್ತಮವಾದುದು. ಐದು ಗಿರಾಕಿಗಳನ್ನೂ ಹತ್ತು ಬಿಲ್ಲುಗಳನ್ನೂ ಕಾಗದದ ಮೇಲೆ ಬರೆದುಕೊಂಡು, ಒಂದೇ ಪ್ರಶ್ನೆಯನ್ನು ಈ ಮೂರು ಬಗೆಯಲ್ಲಿ ಕೇಳಿ ನೋಡಿದರೆ, ವಿದ್ಯಾರ್ಥಿಗಳಿಗೆ ಇವುಗಳ ಅಂತರವು ತಾನಾಗಿಯೇ ಸ್ಪಷ್ಟವಾಗುವುದು.