ಎಳ್ಳುಕಾಳಿನಷ್ಟು ಜಾಗದಲ್ಲಿ 49,152 ಥರ್ಮಾಮೀಟರು

ಫೋನಿಗೆ ಚಾರ್ಜರ್ ಚುಚ್ಚುವ ಕಡೆ ಸಿಕ್ಕಿಸುವಂಥ ಥರ್ಮಲ್ ಕ್ಯಾಮೆರಾ ಈಗ ಇಪ್ಪತ್ತು ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಎರಡು ಬೆರಳಲ್ಲಿ ಹಿಡಿಯುವಷ್ಟು ಸಾಮಾನು. ಇವುಗಳಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಮಾದರಿಯ ಸೆನ್ಸರ್ ಅಗಲ 3 ಮಿಲಿಮೀಟರಿನ ಮೇಲೆ ಒಂದು ಕೂದಲೆಳೆ, ಎತ್ತರ 2.3 ಮಿಲಿಮೀಟರ್. ಒಂದು ಎಳ್ಳುಕಾಳು ಬಿದ್ದರೆ ಬಹುಪಾಲು ಮುಚ್ಚಿಹೋಗುವಷ್ಟು ಜಾಗ. ಅಷ್ಟರಲ್ಲೇ ಅಡ್ಡಕ್ಕೆ 256, ಉದ್ದಕ್ಕೆ 192, ಒಟ್ಟು 49,152 ಥರ್ಮಾಮೀಟರುಗಳನ್ನು ಸಾಲಾಗಿ ಕೂರಿಸಿದ್ದಾರೆ.

ಥರ್ಮಾಮೀಟರ್ ಎಂದರೆ ಪಾದರಸದ ಕಡ್ಡಿಯಲ್ಲ. ವೆನೇಡಿಯಂ ಆಕ್ಸೈಡ್ ಬಳಿದ ಒಂದು ತೆಳು ಹಾಳೆ, 12 ಮೈಕ್ರಾನ್ ಚೌಕ. ತಲೆಗೂದಲಿನ ದಪ್ಪ 70 ಮೈಕ್ರಾನ್ ಎಂದಿಟ್ಟುಕೊಂಡರೆ ಅದರ ಅಡ್ಡಕ್ಕೆ ಇಂಥವು ಐದಾರು ಹಿಡಿಯುತ್ತವೆ. ಪ್ರತಿ ಹಾಳೆಯೂ ಎರಡು ಸಣ್ಣ ಕಾಲುಗಳ ಮೇಲೆ, ಗಾಳಿ ತೆಗೆದ ಡಬ್ಬಿಯೊಳಗೆ, ತಳಕ್ಕೆ ತಾಗದಂತೆ ನಿಂತಿರುತ್ತದೆ. ತಾಗಿದರೆ ಬಂದ ಬಿಸಿ ತಳಕ್ಕೆ ಇಳಿದುಹೋಗುತ್ತದೆ. ಎದುರಿನ ವಸ್ತು ಒಂದು ಡಿಗ್ರಿ ಬಿಸಿಯಾದರೆ ಹಾಳೆ ಏರುವುದು ಡಿಗ್ರಿಯ ನೂರನೇ ಒಂದು ಪಾಲಿನ ಆಸುಪಾಸು ಮಾತ್ರ. ಆ ಏರಿಕೆಗೆ ಅದರ ವಿದ್ಯುತ್ ರೋಧ ಒಂಚೂರು ಬದಲಾಗುತ್ತದೆ. ಅದನ್ನು ಅಳೆದು, ಬಣ್ಣ ಹಚ್ಚಿ, ಕ್ಯಾಮೆರಾ ಫೋನಿನ ಪರದೆಗೆ ತರುತ್ತದೆ. ಸೆಕೆಂಡಿಗೆ 25 ಚಿತ್ರ ತೆಗೆಯುವ ಮಾದರಿಯಾದರೆ ಒಂದೊಂದು ಸೆಕೆಂಡಿಗೂ 12,28,800 ಅಳತೆ.

ಈ ಸಂಖ್ಯೆಯ ತೂಕ ಹೊಗೆಸೊಪ್ಪಿನ ಸೀಮೆಯವರಿಗೆ ಬೇಗ ತಿಳಿದೀತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆ ವರ್ಜೀನಿಯಾ ಸೊಪ್ಪು ಹದ ಮಾಡುವ ಬ್ಯಾರನ್ನಿನಲ್ಲಿ ಎಲೆ ಹಳದಿಗೆ ತಿರುಗಲು 35 ಡಿಗ್ರಿ ಆಚೀಚೆ, ದಂಟು ಒಣಗಲು 70 ಡಿಗ್ರಿ ಆಚೀಚೆ ಬೇಕು. ವಾರದ ಹತ್ತಿರ ಹಗಲೂ ರಾತ್ರಿ ಸೌದೆ ಒಟ್ಟುತ್ತಾ, ಪುಟ್ಟ ಕಿಟಕಿಗೆ ಟಾರ್ಚು ಹಾಕಿ ಒಳಗೆ ತೂಗುಬಿಟ್ಟ ಥರ್ಮಾಮೀಟರ್ ನೋಡುತ್ತಾ ಕಾಯುವುದು ಇಲ್ಲಿನ ಕಾಯಕ. ಹಾಗೆ ನಿಮಿಷಕ್ಕೊಮ್ಮೆ, ನಿದ್ದೆ ಬಿಟ್ಟು, ಕಿಟಕಿ ಇಣುಕುತ್ತಲೇ ಇದ್ದರೂ 12,28,800 ಅಳತೆ ಮುಗಿಯಲು 853 ದಿನ ಹಿಡಿಯುತ್ತದೆ. ಕ್ಯಾಮೆರಾ ಅಷ್ಟನ್ನು ಒಂದು ಸೆಕೆಂಡಿನಲ್ಲಿ ಮುಗಿಸಿ ಮುಂದಿನ ಸೆಕೆಂಡಿಗೆ ಹೋಗಿರುತ್ತದೆ.

ಆ ಹಾಳೆಗಳಿಗೆ ಬಿಸಿ ತಂದು ಕೊಡುವುದು ಕಣ್ಣಿಗೆ ಕಾಣದ ಒಂದು ಬೆಳಕು. 1800ರಲ್ಲಿ ವಿಜ್ಞಾನಿ ವಿಲಿಯಂ ಹರ್ಷಲ್ ಬಿಸಿಲನ್ನು ಪಟ್ಟಕದಲ್ಲಿ ಒಡೆದು, ಕೆಂಪಿನಾಚೆ ಕಣ್ಣಿಗೆ ಏನೂ ಕಾಣದ ಕಡೆ ಥರ್ಮಾಮೀಟರ್ ಇಟ್ಟಾಗ ಅದೇ ಹೆಚ್ಚು ಏರಿತು. ಕಾಣದ ಬೆಳಕಿನ ಪತ್ತೆ ಆದದ್ದು ಹಾಗೆ. ಈ ಬೆಳಕು ಎಷ್ಟಿದೆಯೆಂದರೆ, 27 ಡಿಗ್ರಿಯಲ್ಲಿ ಸುಮ್ಮನೆ ನಿಂತ ಕಪ್ಪು ಮೈಯ ಒಂದು ಚದರ ಮೀಟರ್ 459 ವಾಟ್ ಹೊರಸೂಸುತ್ತದೆ. ಶೆಡ್ಡಿನಲ್ಲಿ ಕೀಲಿ ತೆಗೆದು ನಿಲ್ಲಿಸಿದ ಟ್ರ್ಯಾಕ್ಟರಿನ ಎರಡು ಚದರ ಮೀಟರ್ ತಗಡು ಕೂಡ ಕಿಲೋವಾಟಿಗೆ ಸ್ವಲ್ಪ ಕಮ್ಮಿ ಸೂಸುತ್ತಿರುತ್ತದೆ. ಸುತ್ತಲಿನ ಗೋಡೆಗಳು ಅಷ್ಟನ್ನೇ ಅದಕ್ಕೆ ವಾಪಸು ಕೊಡುತ್ತಿರುವುದರಿಂದ ತಗಡು ತಣ್ಣಗಾಗದೆ ಹಾಗೇ ಇದೆ, ಅಷ್ಟೆ. ನಮ್ಮ ಕಣ್ಣು 0.4ರಿಂದ 0.7 ಮೈಕ್ರಾನ್ ತನಕದ ಅಲೆಗಳಿಗೆ ಸೀಮಿತ. ಈ ಕ್ಯಾಮೆರಾ ನೋಡುವುದು 8ರಿಂದ 14 ಮೈಕ್ರಾನಿನ ಅಲೆಗಳನ್ನು.

ಅಮೆರಿಕದ ಹನಿವೆಲ್ ಕಂಪನಿ ಸೇನೆಗೆಂದು ಬೆಳೆಸಿದ ಈ ಸೆನ್ಸರಿನ ವಿವರಗಳು 1992ರ ತನಕ ಗುಟ್ಟಾಗಿದ್ದವು. ಫೋನಿಗೆ ಹಾಕುವ ಮೊದಲ ಫ್ಲಿರ್ ಒನ್ ಕ್ಯಾಮೆರಾ 2014ರಲ್ಲಿ 349 ಡಾಲರಿಗೆ ಬಂದಾಗ ಅದರ ಥರ್ಮಲ್ ಚಿತ್ರದಲ್ಲಿ ಇದ್ದದ್ದು 80 ಗುಣಿಸು 60, ಅಂದರೆ 4,800 ಚುಕ್ಕಿ. ಈಗ ಅದಕ್ಕಿಂತ ಕಮ್ಮಿ ದುಡ್ಡಿಗೆ ಹತ್ತು ಪಟ್ಟು. ಎಚ್.ಡಿ. ಕೋಟೆ, ಸರಗೂರಿನ ಕಾಡಂಚಿನಲ್ಲಿ ಹುಲಿ ಹುಡುಕಲು ಅರಣ್ಯ ಇಲಾಖೆ ಹಾರಿಸುವ ಥರ್ಮಲ್ ಡ್ರೋನಿನ ಕಣ್ಣೂ ಇದೇ ಕುಲದ್ದು.

ಹುಲಿಗಿಂತ ಹೆಚ್ಚು ಬಿಸಿ ನಮ್ಮ ಮನೆ ಮುಂದೆಯೇ ನಿಂತಿದೆ. 45 ಎಚ್‌ಪಿ ಟ್ರ್ಯಾಕ್ಟರನ್ನು ಪೂರ್ತಿ ಲೋಡಿನಲ್ಲಿ ದುಡಿಸಿದರೆ ಗಂಟೆಗೆ ಹತ್ತು ಲೀಟರ್ ಹತ್ತಿರ ಡೀಸೆಲ್ ಕುಡಿಯುತ್ತದೆ. ಲೀಟರಿಗೆ ಸುಮಾರು 36 ಮೆಗಾಜೂಲ್. ಲೆಕ್ಕ ಹಾಕಿದರೆ ಒಳಗೆ ಹೋದದ್ದು 100 ಕಿಲೋವಾಟ್, ಕೆಲಸಕ್ಕೆ ಬಂದದ್ದು 33 ಚಿಲ್ಲರೆ. ಕಂಪನಿಯವರು ಬಾನೆಟ್ ಮೇಲೆ ಬರೆಯುವುದು ದುಡಿಯುವ 45 ಎಚ್‌ಪಿಯನ್ನು. ಬಿಸಿಯಾಗಿ ಸೈಲೆನ್ಸರಿನಿಂದಲೂ ರೇಡಿಯೇಟರಿನಿಂದಲೂ ಹೋಗುವ ಸುಮಾರು 90 ಎಚ್‌ಪಿಯನ್ನು ಯಾರೂ ಬರೆಯುವುದಿಲ್ಲ. ಗಾಡಿ ಕೆಟ್ಟಿತೆಂದರೆ ಈ 90ರ ದಾರಿಯಲ್ಲಿ ಎಲ್ಲೋ ಹೆಚ್ಚುಕಮ್ಮಿಯಾಗಿದೆ ಎಂದೇ ಬಹಳ ಸಲ ಅರ್ಥ.

ರೇಡಿಯೇಟರನ್ನೇ ನೋಡಿ. ಗದ್ದೆ ಸೀಮೆಯಲ್ಲಿ ಭತ್ತದ ಹೊಟ್ಟು ಹೊರಗಿನಿಂದ ಮೆತ್ತಿಕೊಂಡರೆ ಕಣ್ಣಿಗೆ ಕಾಣುತ್ತದೆ, ಏರ್ ಹಿಡಿದು ಊದಬಹುದು. ಕೂಲೆಂಟ್ ಬದಲು ಬೋರ್‌ವೆಲ್ ನೀರು ಸುರಿದು ಸುರಿದು ಒಳಗಿನ ಟ್ಯೂಬುಗಳಲ್ಲಿ ಕಟ್ಟಿದ ಉಪ್ಪಿನ ಪದರ ಕಾಣುವುದಿಲ್ಲ. ಕ್ಯಾಮೆರಾ ಹಿಡಿದರೆ ಬಿಸಿನೀರು ಓಡುವ ಟ್ಯೂಬುಗಳು ಬೆಳ್ಳಗೆ, ಕಟ್ಟಿಕೊಂಡವು ಕಪ್ಪು ಪಟ್ಟೆಯಾಗಿ ಕಾಣುತ್ತವೆ. "ಹೀಟ್ ಆಯ್ತದೆ ಕಣಣ್ಣ" ಎಂದು ಬಂದ ಗಾಡಿಯಲ್ಲಿ ಹುಡುಕಬೇಕಾದದ್ದು ತಣ್ಣಗಿರುವ ಜಾಗ. ಈ ಕ್ಯಾಮೆರಾ ಕೊಂಡವರು ಮೊದಲ ದಿನ ಕೆಂಪಗಿರುವುದನ್ನೆಲ್ಲ ಬೆನ್ನಟ್ಟುತ್ತಾರೆ. ಸೈಲೆನ್ಸರ್ ಬಿಸಿಯಾಗಿದೆ ಎಂದು ತಿಳಿಯಲು ಇಪ್ಪತ್ತು ಸಾವಿರ ಖರ್ಚು ಮಾಡಬೇಕಿಲ್ಲ.

ಮಿಸ್ಸಿಂಗ್ ಹೊಡೆಯುವ ಎಂಜಿನ್ನೂ ಹಾಗೆಯೇ. ಮೂರು ಸಿಲಿಂಡರಿನ ಟ್ರ್ಯಾಕ್ಟರ್ ಸ್ಲೋ ಬಿಟ್ಟು 750 ಆರ್‌ಪಿಎಂನಲ್ಲಿ ಓಡುವಾಗ ಒಂದೊಂದು ಸಿಲಿಂಡರಿನಲ್ಲೂ ನಿಮಿಷಕ್ಕೆ 375 ಸಲ ಡೀಸೆಲ್ ಉರಿಯಬೇಕು. ಒಂದು ಸಿಲಿಂಡರ್ ಸತ್ತರೆ ಗಂಟೆಗೆ 22,500 ಸಲ ಉರಿಯುವುದು ತಪ್ಪುತ್ತದೆ. ಹಳೆಯ ಮೆಕ್ಯಾನಿಕ್‌ಗಳು ನೋಜಲ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿ, ಯಾವುದನ್ನು ಸಡಿಲಿಸಿದರೆ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತದ್ದು ಎಂದು ಹಿಡಿಯುತ್ತಾರೆ. ಪಕ್ಕಾ ವಿದ್ಯೆ, ಈಗಲೂ ಸುಳ್ಳಾಗಿಲ್ಲ. ಕ್ಯಾಮೆರಾ ಇದ್ದರೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಸೈಲೆನ್ಸರಿನ ಮೂರು ಕವಲುಗಳನ್ನು ನೋಡಿದರೆ ಸಾಕು, ಎರಡು ಬೇಗ ಬೆಳ್ಳಗಾಗುತ್ತವೆ, ಒಂದು ಹಿಂದೆ ಬೀಳುತ್ತದೆ. ಹತ್ತು ನಿಮಿಷ ತಡ ಮಾಡಿದರೆ ಅಕ್ಕಪಕ್ಕದ ಬಿಸಿ ಹರಿದು ಮೂರೂ ಒಂದೇ ಬಣ್ಣಕ್ಕೆ ಹತ್ತಿರವಾಗುತ್ತವೆ.

ಕರೆಂಟಿನ ಲೆಕ್ಕ ಇನ್ನೂ ಸೋಜಿಗ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯಿಂದ 200 ಆಂಪಿಯರ್ ಹರಿಯುತ್ತದೆ ಎನ್ನಿ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕಟ್ಟಿ, ಓಮಿನ ಸಾವಿರದಲ್ಲಿ ಐದು ಪಾಲು ರೋಧ ಬಂದಿದ್ದರೆ ಅಲ್ಲಿ ಒಂದು ವೋಲ್ಟ್ ಕಳೆದು 200 ವಾಟ್ ಬಿಸಿಯಾಗುತ್ತದೆ. ಐದು ಸೆಕೆಂಡಿಗೆ 1,000 ಜೂಲ್, 100 ಗ್ರಾಂ ತಾಮ್ರವನ್ನು 26 ಡಿಗ್ರಿ ಏರಿಸಲು ಅಷ್ಟು ಸಾಕು. ಕ್ಯಾಮೆರಾ ಗುರುತಿಸಬಲ್ಲ ವ್ಯತ್ಯಾಸ 0.04 ಡಿಗ್ರಿಯಷ್ಟು. 26 ಡಿಗ್ರಿ ಅಂದರೆ ಅದರ 650 ಪಟ್ಟು, ಕ್ಲ್ಯಾಂಪು ಪರದೆಯ ಮೇಲೆ ಉರಿಯುತ್ತಿರುವಂತೆಯೇ ಕಾಣುತ್ತದೆ. ಬ್ಯಾಟರಿಯೇ ಹೋಯಿತೆಂದು ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಮರಳು ಕಾಗದ ಹಾಕಿ ಉಜ್ಜಿ ನೋಡಬಹುದು. ಚಾಸಿಗೆ ಕಟ್ಟಿದ ಅರ್ಥ್ ವೈರಿನ ಬೋಲ್ಟನ್ನೂ ಒಮ್ಮೆ ನೋಡಬೇಕು, ತಂಟೆ ಬಹಳ ಸಲ ಅಲ್ಲೇ ಇರುತ್ತದೆ.

ಇನ್ನೊಂದು, ನಿಂತಲ್ಲೇ ಬ್ಯಾಟರಿ ಇಳಿಯುವ ಕಾಯಿಲೆ. ಕೆಲಸವಿಲ್ಲದ ದಿನಗಳಲ್ಲಿ ಪಿಕಪ್ ಮೂರು ವಾರ ನಿಂತಿರುತ್ತದೆ. ಫ್ಯೂಸ್ ಬಾಕ್ಸಿನಲ್ಲಿ ಒಂದು ರಿಲೇ ಆಫ್ ಆಗದೆ 0.15 ಆಂಪಿಯರ್ ಎಳೆಯುತ್ತಿದ್ದರೆ 75 ಎಎಚ್ ಬ್ಯಾಟರಿ 500 ಗಂಟೆಗೆ, ಅಂದರೆ ಇಪ್ಪತ್ತೊಂದನೇ ದಿನಕ್ಕೆ, ಸೊನ್ನೆ. ರಿಲೇ ಬಿಸಿಯಾಗುವುದು ಎರಡು ವಾಟಿಗೂ ಕಮ್ಮಿ. ಗಾಡಿ ರಾತ್ರಿಯೆಲ್ಲ ನಿಂತ ಮೇಲೆ ಮುಚ್ಚಳ ತೆಗೆದು ಕ್ಯಾಮೆರಾ ಹಿಡಿದರೆ, ಒಂದೇ ಥರದ ಕಪ್ಪು ಡಬ್ಬಿಗಳ ಸಾಲಿನಲ್ಲಿ ಆ ಒಂದು ಬೇರೆ ಬಣ್ಣದಲ್ಲಿ ಕೂತಿರುತ್ತದೆ.

ಇಷ್ಟು ಹೊಗಳಿದ ಮೇಲೆ ಅದರ ಸುಳ್ಳುಗಳನ್ನೂ ಹೇಳಬೇಕು. 0.04 ಡಿಗ್ರಿ ವ್ಯತ್ಯಾಸ ಹಿಡಿಯುವ ಈ ಸಾಮಾನು ನಿಜವಾದ ಡಿಗ್ರಿ ಹೇಳುವಾಗ ಎರಡು ಡಿಗ್ರಿ ಆಚೀಚೆ ಆಗುವುದನ್ನು ಕಂಪನಿಯೇ ಒಪ್ಪುತ್ತದೆ. ಐವತ್ತು ಪಟ್ಟು ಅಂತರ. ಹಾಗಾಗಿ ಪರದೆಯ ಅಂಕಿಗಿಂತ ಎಡಕ್ಕೂ ಬಲಕ್ಕೂ ಇರುವ ಫರಕು ಮುಖ್ಯ. ಪಾಲಿಷ್ ಆದ ಅಲ್ಯೂಮಿನಿಯಂ ತನ್ನ ಬಿಸಿಯ ಹತ್ತನೇ ಒಂದು ಪಾಲನ್ನೂ ಸರಿಯಾಗಿ ಸೂಸುವುದಿಲ್ಲ, ಅದರಲ್ಲಿ ಕಾಣುವುದು ನಿಮ್ಮದೇ ಮುಖದ ಬಿಸಿ. ಅಂಥ ಕಡೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪು ಅಂಟಿಸಿ, ಎರಡು ನಿಮಿಷ ಬಿಟ್ಟು, ಟೇಪಿನ ಮೇಲೆ ನೋಡಬೇಕು. ರಬ್ಬರು, ತುಕ್ಕು, ಬಣ್ಣ ಬಳಿದ ತಗಡು, ಇವು ಪ್ರಾಮಾಣಿಕರು. ಗಾಜು ಈ ಬೆಳಕಿಗೆ ಗೋಡೆ, ವಿಂಡ್‌ಶೀಲ್ಡಿನಾಚೆ ಏನೂ ಕಾಣದು. 56 ಡಿಗ್ರಿ ನೋಟದ ಲೆನ್ಸಿನಲ್ಲಿ ಒಂದು ಮೀಟರ್ ದೂರದಿಂದ ಒಂದು ಚುಕ್ಕಿ 4 ಮಿಲಿಮೀಟರ್ ಜಾಗವನ್ನು ಕಲಸಿ ಹೇಳುತ್ತದೆ, ತೆಳ್ಳನೆಯ ವೈರಿನ ಬಿಸಿ ಅದರಲ್ಲಿ ಕರಗಿಹೋಗುತ್ತದೆ. ಹತ್ತಿರ ಹೋಗಲೇಬೇಕು. ಮಟಮಟ ಮಧ್ಯಾಹ್ನ ಬಿಸಿಲಿಗೆ ನಿಂತ ಗಾಡಿಯ ಮೇಲೆ ಕ್ಯಾಮೆರಾ ಹಿಡಿದರೆ ಸೂರ್ಯನ ವಿಷಯ ತಿಳಿದೀತೇ ಹೊರತು ಗಾಡಿಯದಲ್ಲ.

ಒಬ್ಬೊಬ್ಬ ರೈತನೂ ಇದನ್ನು ಕೊಳ್ಳಬೇಕು ಎನ್ನಲಾರೆ. ಒಂದು ಗ್ಯಾರೇಜಿಗೆ ಒಂದಿದ್ದರೆ ಸಾಕು. ಬಸ್ಸು, ಲಾರಿ ಇಟ್ಟವರ ಮಾತು ಬೇರೆ, ಬ್ರೇಕಿನ ವಿಷಯದಲ್ಲಿ ಲೆಕ್ಕವೇ ಎದೆ ನಡುಗಿಸುವಂಥದು. 15 ಟನ್ನಿನ ಬಸ್ಸು ಗಂಟೆಗೆ 60 ಕಿಲೋಮೀಟರಿನಲ್ಲಿ ಬಂದು ಬಿಳಿಕೆರೆ ಸ್ಟಾಪಿನಲ್ಲಿ ನಿಂತರೆ 2 ಮೆಗಾಜೂಲಿಗೂ ಹೆಚ್ಚು ಶಕ್ತಿ ನಾಲ್ಕು ಡ್ರಮ್ಮುಗಳಿಗೆ ಇಳಿಯುತ್ತದೆ. ಡ್ರಮ್ಮಿಗೆ 50 ಕಿಲೋ ಬೀಡು ಕಬ್ಬಿಣ ಎಂದು ಹಿಡಿದರೆ ಒಂದು ನಿಲುಗಡೆಗೆ ಒಂದೊಂದು ಡ್ರಮ್ಮೂ 22 ಡಿಗ್ರಿ ಏರಬೇಕು. ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿಯುವಾಗ ಅದೇ ಬಸ್ಸು 300 ಮೀಟರ್ ಎತ್ತರ ಕಳೆದುಕೊಳ್ಳುತ್ತದೆ. ಅದು 44 ಮೆಗಾಜೂಲ್, ಇಂಥ 21 ನಿಲುಗಡೆಗಳಿಗೆ ಸಮ. ಒಂದಷ್ಟನ್ನು ಎಂಜಿನ್ ಮತ್ತು ಗಾಳಿ ತಡೆದುಕೊಳ್ಳುತ್ತವೆ, ಉಳಿದದ್ದು ಡ್ರಮ್ಮಿಗೆ.

ಇಳಿದ ಬಸ್ಸು ಬೈಲಕುಪ್ಪೆ ದಾಟಿ ಪಿರಿಯಾಪಟ್ಟಣಕ್ಕೆ ಬಂದು ನಿಂತಾಗ ಸುತ್ತು ಹಾಕಿ ನೋಡಿದರೆ ಮುಂದಿನ ಎರಡು, ಹಿಂದಿನ ಎರಡು ಜೋಡಿಜೋಡಿಯಾಗಿ ಒಂದೇ ಬಣ್ಣದಲ್ಲಿ ಇರಬೇಕು. ಒಂದು ಹೆಚ್ಚು ಬಿಸಿಯಿದ್ದರೆ ಬ್ರೇಕ್ ಜಾಮ್ ಇರಬಹುದು, ಹಬ್ಬಿನ ಬೇರಿಂಗೂ ಇರಬಹುದು. ಡ್ರೈವರುಗಳು ಅಂಗೈ ಹಿಂಭಾಗ ಹಿಡಿದು ಇದನ್ನು ಮೊದಲಿಂದ ಪತ್ತೆ ಮಾಡುತ್ತಾ ಬಂದಿದ್ದಾರೆ, 45 ಡಿಗ್ರಿ ದಾಟಿದರೆ ಚರ್ಮ ನೋಯುತ್ತದೆ ಎಂಬುದೊಂದೇ ಅಡ್ಡಿ. ಕೈ ಸುಡದ ಚಕ್ರವನ್ನು ಮಾತ್ರ ಯಾರೂ ಎರಡನೇ ಸಲ ಮುಟ್ಟುವುದಿಲ್ಲ. ನಾಲ್ಕರಲ್ಲಿ ಒಂದು ಡ್ರಮ್ಮು ತಣ್ಣಗಿದೆ ಎಂದರೆ ಅದು ಬ್ರೇಕ್ ಹಿಡಿಯುತ್ತಿಲ್ಲ. ಅದರ ಪಾಲೂ ಸೇರಿ ಉಳಿದ ಮೂರು 22ರ ಬದಲು 30 ಡಿಗ್ರಿಯಂತೆ ಏರುತ್ತಿವೆ. ಆರಲು ಬಿಡುವಿಲ್ಲದ ಹತ್ತು ನಿಲುಗಡೆಗೆ 300 ಡಿಗ್ರಿ. ಸ್ಲ್ಯಾಕ್ ಅಡ್ಜಸ್ಟರ್ ಸಡಿಲಾಗಿದೆಯೋ, ಬ್ರೇಕ್ ಚೇಂಬರಿನ ರಬ್ಬರ್ ಹರಿದಿದೆಯೋ, ಲೈನರಿಗೆ ಆಯಿಲ್ ಇಳಿದಿದೆಯೋ, ಅದನ್ನು ಚಕ್ರ ಬಿಚ್ಚಿಯೇ ನೋಡಬೇಕು. ಬಿಚ್ಚಬೇಕಾದದ್ದು ಮೊದಲು ಆ ತಣ್ಣನೆಯ ಚಕ್ರವನ್ನು.