ಮನೆಯ ಸುತ್ತಲಿನ ಕಣಜದ ಗೂಡು: ವಹಿಸಬೇಕಾದ ಎಚ್ಚರಿಕೆಗಳು

ಕಣಜ ಅಥವಾ ಕಡಜಗಳು ಮನೆಯ ಸೂರು, ಕಿಟಕಿಯ ಮೇಲ್ಭಾಗ, ದನದ ಕೊಟ್ಟಿಗೆ ಹಾಗೂ ಬೇಲಿಯ ಪೊದೆಗಳಲ್ಲಿ ಗೂಡು ಕಟ್ಟುತ್ತವೆ. ಬೆಳೆ ತಿನ್ನುವ ಹುಳುಗಳನ್ನು ಹಿಡಿದು ತಮ್ಮ ಮರಿಗಳಿಗೆ ಉಣಿಸುವುದರಿಂದ ಇವು ರೈತರಿಗೆ ಉಪಕಾರಿಗಳು. ಆದುದರಿಂದ ಜನಸಂಚಾರವಿಲ್ಲದ ಸ್ಥಳದಲ್ಲಿರುವ ಗೂಡನ್ನು ಕೆಣಕದೆ ಬಿಡುವುದು ಒಳಿತು.

ಗೂಡಿಗೆ ಕಲ್ಲೆಸೆಯುವುದು, ಸೀಮೆಎಣ್ಣೆ ಎರಚುವುದು, ಪಂಜಿನಿಂದ ಸುಡುವುದು ಅಪಾಯಕರ. ಕುಟುಕಿದ ಜೇನ್ನೊಣದ ಮುಳ್ಳು ಚರ್ಮದಲ್ಲೇ ಉಳಿಯುತ್ತದೆ. ಕಣಜವಾದರೋ ಪದೇ ಪದೇ ಕುಟುಕಬಲ್ಲದು. ಗೂಡು ಅಲುಗಿದೊಡನೆ ಹಲವು ಕಣಜಗಳು ಒಟ್ಟಾಗಿ ಮೇಲೆರಗಬಹುದು. ಬಾಗಿಲ ಬಳಿ, ಶಾಲೆ ಅಥವಾ ಅಂಗನವಾಡಿಯ ಆವರಣದಲ್ಲಿ ಗೂಡು ಕಂಡುಬಂದಲ್ಲಿ ಮಕ್ಕಳನ್ನು ದೂರವಿರಿಸಿ, ಅನುಭವವುಳ್ಳ ತರಬೇತಾದವರಿಂದಲೇ ತೆಗೆಸತಕ್ಕದ್ದು.

ಕಣಜ ಕುಟುಕಿದಲ್ಲಿ ಕೂಡಲೇ ಆ ಸ್ಥಳದಿಂದ ದೂರ ಸರಿದು, ಗಾಯವನ್ನು ಸಾಬೂನು ನೀರಿನಿಂದ ತೊಳೆದು ತಣ್ಣೀರಿನ ಬಟ್ಟೆ ಇಡಬೇಕು. ಊತ ಬರುವ ಮೊದಲೇ ಉಂಗುರ, ಬಳೆಗಳನ್ನು ತೆಗೆಯಬೇಕು. ಉಸಿರಾಟದ ತೊಂದರೆ, ತುಟಿ ಅಥವಾ ನಾಲಿಗೆಯ ಊತ, ಮೈತುಂಬ ದದ್ದು, ತಲೆಸುತ್ತು ಕಂಡುಬಂದಲ್ಲಿ ಒಂದೇ ಕುಟುಕೂ ಪ್ರಾಣಾಂತಿಕವಾಗಬಹುದು. ಅಂತಹ ಸಂದರ್ಭದಲ್ಲಿ ಸುಣ್ಣ ಹಚ್ಚುತ್ತಾ ಕಾಲಹರಣ ಮಾಡದೆ 108ಕ್ಕೆ ಕರೆ ಮಾಡಬೇಕು. ಬಾಯಿ, ಗಂಟಲಿಗೆ ಕುಟುಕಿದಾಗ ಅಥವಾ ಅನೇಕ ಕಣಜಗಳು ಕುಟುಕಿದಾಗ ಆರಾಮವೆನಿಸಿದರೂ ಆಸ್ಪತ್ರೆಗೆ ಹೋಗುವುದು ಅಗತ್ಯ. ವಿಷದಿಂದ ಮೂತ್ರಪಿಂಡಗಳಿಗಾಗುವ ಹಾನಿ ತಡವಾಗಿ ಕಾಣಿಸಿಕೊಳ್ಳಬಹುದು.